ಇಪ್ಪತ್ತಮೂರು ಶೋತಿ

ಲಮಾರಾ ಮೇಡಂ ಬರೆಸಿದ್ದು ಆರೇ ಸಾಲು:
ದೂರದ್ದೊಂದು, ನಡುವಿನದೊಂದು, ತೀರ ಹತ್ತಿರದ್ದೊಂದು,
ಕೆಳಗಿನಿಂದ, ಮೇಲಿನಿಂದ,
ಕೊನೆಗೆ, ಕ್ಯಾಮೆರಾ ನಡೆಯುತ್ತ ಹಿಡಿದದ್ದು.
ಮಾತು ಬೇಡ. ಕಥೆಯೂ ಬೇಡ. ಸೋಮವಾರ ಕೊಡಿ.

ನಾವು ಮೂವರು. ನುತ್ಸಾ ನಿರ್ದೇಶಕಿ,
ತೋರ್ನಿಕೆಗೆ ಕ್ಯಾಮೆರಾ,
ಉಳಿದದ್ದೆಲ್ಲ ನನಗೆ:
ಅಂದರೆ ಬ್ಯಾಟರಿ, ಕೊಡೆ, ಬೈಗುಳ.

ತಿಬಿಲಿಸಿಯ ಹಳೇ ಏರು. ಎಂಟು ಮೆಟ್ಟಿಲು ಕೆಳಗಿಳಿದರೆ
ಮುರ್ಮಾನನ ಬೇಕರಿ.
ಸೊಂಟದೆತ್ತರದ ಮಣ್ಣಿನ ಬಾವಿ, ತಳದಲ್ಲಿ ಬೆಂಕಿ,
ಒಳಗೋಡೆಗೆ ಅಂಟಿಕೊಂಡು ಬೇಯುವ ರೊಟ್ಟಿ,
ದೋಣಿಯ ಹಾಗೆ ಎರಡೂ ತುದಿ ಚೂಪು.
‘ಶಾಟ್ ಬೇಕಿತ್ತು’ ಅಂದೆವು.
‘ಶಾಟ್ ಅಲ್ಲ ಮಕ್ಕಳೇ, ಶೋತಿ’ ಅಂದ.
‘ಎಷ್ಟು?’

ದೂರದ್ದು ಸಲೀಸಾಯಿತು. ಬೀದಿಯಾಚೆ ನಿಂತೆವು.
ದಾರಿಹೋಕರ ಮೊಣಕಾಲ ಮಟ್ಟಕ್ಕೆ ಕಿಟಕಿ;
ಒಂದು ಕೈ ಹೊರಗೆ ಬಂದು ರೊಟ್ಟಿ ಕೊಟ್ಟು
ಚಿಲ್ಲರೆ ಮುಚ್ಚಿಕೊಂಡು ಒಳಗೆ ಹೋಯಿತು.
ಬೀದಿಯೇ ಬಾಗಿ ನೆಲದಿಂದ ತುತ್ತು ಕೇಳುತ್ತಿರುವಂತೆ.

ಕೆಳಗಿನಿಂದ ಹಿಡಿಯಲು ತೋರ್ನಿಕೆ ಅಂಗಾತ ಮಲಗಿದ.
ಎದ್ದಾಗ ಹೊಟ್ಟೆಗೂ ಹಿಟ್ಟು, ಜುಟ್ಟಿಗೂ ಹಿಟ್ಟು.
ಮೇಲಿನಿಂದ ಹಿಡಿಯಲು ಒಲೆಗೆ ಬಗ್ಗಿದನೋ ಇಲ್ಲವೋ
ಮುರ್ಮಾನ್ ಕೊರಳಪಟ್ಟಿ ಹಿಡಿದು ಎಳೆದ:
‘ಹುಬ್ಬು ಹೋದರೆ ಹುಡುಗಿ ಸಿಗಲ್ಲ.’

ನಡುವಿನದೇ ಕಾಡಿತು.
ಅವನು ಒಲೆಯೊಳಗೆ ಬಾಗುತ್ತಾನೆ:
ತಲೆಯಿಲ್ಲ, ಭುಜವಿಲ್ಲ,
ನೆಲ ಬಿಟ್ಟ ಎರಡು ಹಳೇ ಬೂಟು.
ಮತ್ತೆ ಮೇಲೆದ್ದರೆ ಪೂರ್ತಿ ಮನುಷ್ಯ, ಕೆಂಪು ಮುಖ.
ಆ ಹೊತ್ತಿಗೆ ಬಲ್ಬು ಹಾರಿತು. ಆಮೇಲೆ ಗಿರಾಕಿ ಅಡ್ಡ ಬಂದಳು.
ಆಮೇಲೆ ನಾನೇ ಸೀನಿದೆ.
ನುತ್ಸಾ ಅಂದಳು: ‘ಇನ್ನೊಂದ್ಸಲ. ಹಿಟ್ಟು ಬೇಡ,
ಸುಮ್ಮನೆ ಹಾಕಿದ ಹಾಗೆ ಮಾಡಿ ಸಾಕು.’
‘ಬರಿಗೈ ಹಾಕಿದರೆ ಒಲೆ ನಗುತ್ತೆ’ ಅಂದ.
ಪ್ರತಿ ಸಲವೂ ನಿಜದ ಉಂಡೆ,
ಪ್ರತಿ ಸಲವೂ ನಮ್ಮ ಲೆಕ್ಕಕ್ಕೆ ಒಂದು ಶೋತಿ.

ನಡೆಯುವ ಶಾಟಿಗೆ ಹಳಿ ಎಲ್ಲಿ ತರುವುದು?
ತೋರ್ನಿಕೆಯ ಅಕ್ಕನ ಮಗುವಿನ ಗಾಡಿ ತಂದೆವು;
ಗಾಡಿಯಲ್ಲಿ ಕ್ಯಾಮೆರಾ, ನನ್ನ ಕಂಕುಳಲ್ಲಿ ಮಗು.
ಕಲ್ಲುಹಾಸಿನ ಮೇಲೆ ಚಿತ್ರ ಗಡಗಡ,
ನನ್ನ ಕಿವಿಯಲ್ಲಿ ಗೋಳೋ.
ಕಿಟಕಿಯಿಂದ ಆ ಕೈ ಬಂತು,
ಆರಿಸಿದ ಒಂದು ಸುಟ್ಟ ಅಂಚು ಮಗುವಿನ ಒಸಡಿಗೆ ಕೊಟ್ಟಿತು.
ಸದ್ದಡಗಿತು. ಅದನ್ನು ಹಿಡಿಯಲು ಮರೆತೆವು.

ತೀರ ಹತ್ತಿರದ್ದು ಸಂಜೆಗೆ ಉಳಿಯಿತು.
ಮುಖ ಬೇಡ, ಕೈ ಸಾಕು, ಅಂದಳು ನುತ್ಸಾ.
ಅವನು ತೋಳು ಮಡಚಿದ.
ಎಡಗೈ ಕರಡಿಯದು.
ಬಲಗೈಯಲ್ಲಿ ಒಂದೇ ಒಂದು ಕೂದಲಿಲ್ಲ:
ಮೂವತ್ತೊಂದು ವರ್ಷ ದಿನವೂ ಒಲೆಯೇ ಕ್ಷೌರ ಮಾಡಿ
ಕೂಸಿನ ತೊಡೆಯಷ್ಟು ನುಣುಪು, ನಡುನಡುವೆ ಬಿಳಿ ಕಲೆ.
ಪರದೆ ತುಂಬ ಚರ್ಮ. ಮುಂಗೈ ನರವೊಂದು ಮಿಡಿಯುತ್ತಿತ್ತು.
ನುತ್ಸಾ ಕಟ್ ಅನ್ನಲಿಲ್ಲ.
ತೋರ್ನಿಕೆ ಉಸಿರು ಬಿಡಲಿಲ್ಲ.
ಕಾದು, ಕಾದು,
ಮುರ್ಮಾನನೇ ತೋಳು ಕೆಳಗಿಳಿಸಿದ.
‘ಸಾಕು’ ಅಂದ, ನಮಗೋ, ಕೈಗೋ.

ಆ ಇಳಿದ ತೋಳಿನ ಮೇಲೆ ಎರಡು ರಾತ್ರಿ ಜಗಳ.
ಅದಕ್ಕೂ ಮೊದಲೇ ಕತ್ತರಿಸೋಣ ಅಂತ ಅವಳು,
ಅದೇ ಇರಲಿ, ಬೇಕಿದ್ದರೆ ಉಳಿದ ಐದೂ ಬಿಸಾಕು ಅಂತ ಇವನು.
ನಾನು ಒಣಗಿದ ಶೋತಿ ಚಹಾಕ್ಕೆ ಅದ್ದುತ್ತಿದ್ದೆ,
ಹಾಳಾದ ಟೇಕುಗಳನ್ನೆಲ್ಲ ಒಂದೊಂದಾಗಿ ತಿನ್ನುತ್ತಿದ್ದೆ:
ಇದು ಬಲ್ಬು ಹಾರಿದ್ದು,
ಇದು ನಾನು ಸೀನಿದ್ದು.
ಸೋಮವಾರ ಬೆಳಿಗ್ಗೆ ಚೀಲದಲ್ಲಿ ಒಂದು ಉಳಿದಿತ್ತು,
ಕಲ್ಲಿನಂತೆ ಗಟ್ಟಿ. ಯಾವ ಶಾಟಿನದೋ
ಮೂವರಿಗೂ ನೆನಪಾಗಲಿಲ್ಲ.
ಮುರಿದು ಹಂಚಿಕೊಂಡು ಬಸ್ಸು ಹತ್ತಿದೆವು.